ಪಾವತಿಯ ಗಡುವು ತಿಳಿಸುವ ಸರಳ ಜಾಲ ತಂತ್ರಾಂಶ: ಆದೇಶ ಸಾಲಿನಿಂದ ಸ್ಥಾಪನೆ

ಉತ್ಪಾದನೆ ಅಥವಾ ಸೇವೆಯಲ್ಲಿ ತೊಡಗಿ ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ಸರಬರಾಜುದಾರರಿಗೆ ಹಣ ಪಾವತಿಸಲು 2006ರ ಎಂಎಸ್‌ಎಂಇಡಿ ಅಧಿನಿಯಮದ 15ನೇ ಕಲಮು ಗಡುವು ವಿಧಿಸಿದೆ. ಲಿಖಿತ ಕರಾರು ಇಲ್ಲದಿದ್ದರೆ ಸರಕನ್ನು ಸ್ವೀಕರಿಸಿದ ದಿನದಿಂದ 15 ದಿನ. ಕರಾರು ಇದ್ದರೆ ಅದರಲ್ಲಿನ ಅವಧಿ, ಆದರೆ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇದರ ಜೊತೆಗೆ, 2023ರ ಹಣಕಾಸು ಅಧಿನಿಯಮ ತಂದ ನಿಯಮದಂತೆ 2024-25ನೇ ಕರ ನಿರ್ಧಾರಣಾ ವರ್ಷದಿಂದ, ಗಡುವು ಮೀರಿದ ಮೊತ್ತವನ್ನು ಪಾವತಿಯಾದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು.

ಉದಾಹರಣೆಗೆ, ಕರಾರಿಲ್ಲದೆ 2025ರ ಫೆಬ್ರವರಿ 10ರಂದು ಸ್ವೀಕರಿಸಿದ ರೂ. 2,00,000ದ ಸರಕಿಗೆ ಗಡುವು ಫೆಬ್ರವರಿ 25. ಹಣ ಏಪ್ರಿಲ್ 5ರಂದು ಸಂದಾಯವಾದರೆ ಆ ವೆಚ್ಚ 2024-25ನೇ ಹಣಕಾಸು ವರ್ಷದ ಲೆಕ್ಕದಲ್ಲಿ ಸಿಗುವುದಿಲ್ಲ. ಕೈಯಲ್ಲಿಲ್ಲದ ಲಾಭದ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ. ಕರಾರಿನಲ್ಲಿ 45 ದಿನವೆಂದಿದ್ದರೆ ಗಡುವು ಮಾರ್ಚ್ 27.

ಇಂಥ ದಿನಾಂಕಗಳನ್ನು ತೋರಿಸುವ ಪುಸ್ತಕವೊಂದನ್ನು ಉಚಿತವಾದ ಜಾಂಗೋ ತಂತ್ರಾಂಶದಿಂದ ವಿಂಡೋಸ್ ಗಣಕಯಂತ್ರದಲ್ಲಿ ಸ್ಥಾಪಿಸುವ ಕ್ರಮ ಹೀಗಿದೆ. ಆದೇಶಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡತಕ್ಕದ್ದು. ಜಾಂಗೋ ಪದದ ಮೊದಲಿನ 'ಡಿ' ಉಚ್ಚಾರವಾಗದಿದ್ದರೂ ಬರೆಯಲೇಬೇಕು.

1. ಪೈಥಾನ್ ಸ್ಥಾಪಿಸುವಾಗ ಅದನ್ನು 'ಪಾತ್'ಗೆ ಸೇರಿಸುವ ಚೌಕಕ್ಕೆ ಗುರುತು ಹಾಕಬೇಕು.

2. ಕಮಾಂಡ್ ಪ್ರಾಂಪ್ಟ್ ತೆರೆದು 'ಪೈಥಾನ್ -ಎಂ ವೆನ್ವ್ ಕೋಣೆ' ಎಂಬ ಆದೇಶ ನೀಡಿದರೆ ಈ ಕೆಲಸಕ್ಕೆ ಮೀಸಲಾದ ಪ್ರತ್ಯೇಕ ಫೋಲ್ಡರ್ ಸಿದ್ಧವಾಗುತ್ತದೆ. ಅದರೊಳಗಿನ 'ಸ್ಕ್ರಿಪ್ಟ್ಸ್' ಫೋಲ್ಡರಿನ 'ಆಕ್ಟಿವೇಟ್' ಕಡತವನ್ನು ಚಲಾಯಿಸಬೇಕು.

3. 'ಪಿಪ್ ಇನ್‌ಸ್ಟಾಲ್ ಜಾಂಗೋ', ಬಳಿಕ 'ಜಾಂಗೋ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಕಿರ್ದಿ'. 'ಸಿಡಿ ಕಿರ್ದಿ' ಎಂದು ಒಳಹೊಕ್ಕು 'ಪೈಥಾನ್ ಮ್ಯಾನೇಜ್.ಪೈ ಸ್ಟಾರ್ಟ್‌ಆಪ್ ಗಡುವು' ಎನ್ನಬೇಕು.

4. ಸೆಟ್ಟಿಂಗ್ಸ್ ಕಡತದ 'ಇನ್‌ಸ್ಟಾಲ್ಡ್ ಆಪ್ಸ್' ಪಟ್ಟಿಗೆ ಗಡುವು ಎಂಬ ಹೆಸರು ಸೇರಿಸಬೇಕು. ಮಾಡೆಲ್ಸ್ ಕಡತದಲ್ಲಿ ಸರಬರಾಜುದಾರರ ಹೆಸರು, ಬಿಲ್ಲಿನ ಸಂಖ್ಯೆ, ಮೊತ್ತ, ಸ್ವೀಕಾರದ ದಿನಾಂಕ, ಕರಾರಿನ ದಿನಗಳು, ಪಾವತಿಯ ದಿನಾಂಕ ಎಂಬ ಅಂಕಣಗಳನ್ನು ನಮೂದಿಸಬೇಕು. ಕರಾರಿನ ಅಂಕಣ ಖಾಲಿಯಿದ್ದರೆ 15, ಇಲ್ಲವಾದರೆ ಆ ಸಂಖ್ಯೆ ಮತ್ತು 45 ಇವೆರಡರಲ್ಲಿ ಕಡಿಮೆಯಾದುದನ್ನು ಸ್ವೀಕಾರದ ದಿನಾಂಕಕ್ಕೆ ಕೂಡಿಸುವ ಸೂತ್ರವೂ ಅಲ್ಲಿಯೇ ಇರಬೇಕು. ಬಳಿಕ ಈ ಪಟ್ಟಿಯನ್ನು ಅಡ್ಮಿನ್ ಕಡತದಲ್ಲಿ ನೋಂದಾಯಿಸಿ, ಗಡುವಿನ ಅಂಕಣವೂ ಕಾಣುವಂತೆ ಸೂಚಿಸಬೇಕು.

5. 'ಪೈಥಾನ್ ಮ್ಯಾನೇಜ್.ಪೈ' ಎಂಬುದರ ಮುಂದೆ ಅನುಕ್ರಮವಾಗಿ ಮೇಕ್‌ಮೈಗ್ರೇಷನ್ಸ್, ಮೈಗ್ರೇಟ್, ಕ್ರಿಯೇಟ್‌ಸೂಪರ್‌ಯೂಸರ್, ರನ್‌ಸರ್ವರ್ ಎಂದು ನೀಡಿದರೆ ಪುಸ್ತಕ ಸಿದ್ಧ. ಬ್ರೌಸರಿನಲ್ಲಿ 127.0.0.1:8000/ಅಡ್ಮಿನ್ ವಿಳಾಸ ತೆರೆದು ಗುಪ್ತಪದ ನೀಡಬೇಕು. ಮೇಲಿನ ಉದಾಹರಣೆಯನ್ನೇ ನಮೂದಿಸಿ, ಎರಡೂ ದಿನಾಂಕಗಳು ತಾಳೆಯಾಗುವವೇ ಎಂದು ಮೊದಲು ಪರೀಕ್ಷಿಸುವುದು ಲೇಸು.

ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ರನ್‌ಸರ್ವರ್ ಎಂಬುದು ಪ್ರಯೋಗಕ್ಕಾಗಿ ಇರುವ ವ್ಯವಸ್ಥೆ. ಅದನ್ನು ಅಂತರ್ಜಾಲಕ್ಕೆ ತೆರೆದಿಡಬಾರದು. ಎರಡನೆಯದಾಗಿ, ಸಮಸ್ತ ದತ್ತಾಂಶವೂ 'ಡಿಬಿ.ಎಸ್‌ಕ್ಯೂಲೈಟ್3' ಎಂಬ ಒಂದೇ ಕಡತದಲ್ಲಿರುತ್ತದೆ. ದಿನದ ಕೊನೆಗೆ ಸರ್ವರ್ ನಿಲ್ಲಿಸಿ ಅದರ ಪ್ರತಿಯನ್ನು ಬೇರೆಡೆ ಇಡದಿದ್ದರೆ, ಡಿಸ್ಕ್ ಕೆಟ್ಟ ದಿನ ಪುಸ್ತಕವೇ ಇಲ್ಲವಾದೀತು. ಮೂರನೆಯದಾಗಿ, ಇದು ಲೆಕ್ಕಪುಸ್ತಕವಲ್ಲ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜಾಂಗೋದ 'ಹಿಸ್ಟರಿ' ಪುಟವು ಯಾರು, ಯಾವಾಗ, ಯಾವ ಅಂಕಣ ತಿದ್ದಿದರೆಂದು ತಿಳಿಸುತ್ತದೆಯೇ ಹೊರತು ಹಳೆಯ ಅಂಕಿಯನ್ನು ತೋರಿಸುವುದಿಲ್ಲ.

ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಈ ಪಟ್ಟಿಯನ್ನು ಗಡುವಿನ ಕ್ರಮದಲ್ಲಿ ಪರಿಶೀಲಿಸುವ ವರ್ತಕರಿಗೆ, ಯಾವ ಬಿಲ್ಲಿನ ಹಣ ಮಾರ್ಚ್ 31ರೊಳಗೆ ಹೋಗಲೇಬೇಕೆಂಬುದು ಮುಂಚಿತವಾಗಿಯೇ ತಿಳಿಯುತ್ತದೆ.