ಪೈ ಅಂಕಿಗಳೂ ಜ್ಞಾಪಕಶಕ್ತಿಯೂ

ಜಿನನಾಥಪುರದ ಶಾಂತಿನಾಥ ಬಸದಿಯು ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ರೇಚಿಮಯ್ಯ ದಂಡನಾಯಕನಿಂದ ಕಟ್ಟಲ್ಪಟ್ಟಿತು. ಅದರ ನವರಂಗದ ದುಂಡು ಕಂಬಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಅನೇಕರು ನೋಡಿರಬಹುದು. ಅಂತಹ ಕಂಬವಾಗಲಿ, ಕೈಬಳೆಯಾಗಲಿ, ಬೀಸುವ ಕಲ್ಲಾಗಲಿ, ವೃತ್ತಾಕಾರವಾದ ಯಾವುದರ ಸುತ್ತಳತೆಯನ್ನಾದರೂ ಅದರ ವ್ಯಾಸದಿಂದ ಭಾಗಿಸಿದರೆ ಒಂದೇ ಸಂಖ್ಯೆ ದೊರೆಯುವುದು. ಅದಕ್ಕೆ ಪೈ ಎಂದು ಹೆಸರು.

ಆರ್ಯಭಟನು ೪೯೯ರಲ್ಲಿ ಇದರ ಬೆಲೆಯನ್ನು ಸುಮಾರು ೩.೧೪೧೬ ಎಂದು ಹೇಳಿದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸ್ಥೂಲವಾದ ಲೆಕ್ಕಕ್ಕೆ ೩ನ್ನೂ, ಸೂಕ್ಷ್ಮವಾದುದಕ್ಕೆ ೧೦ರ ವರ್ಗಮೂಲವನ್ನೂ ಬಳಸಿದನು. ಪೈಯನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲಾಗದೆಂಬುದನ್ನು ಲ್ಯಾಂಬರ್ಟನು ೧೭೬೧ರಲ್ಲಿ ಸಾಧಿಸಿದನು. ಆದುದರಿಂದ ಇದರ ದಶಮಾಂಶಗಳಿಗೆ ಕೊನೆಯೂ ಇಲ್ಲ, ಒಂದೇ ಕ್ರಮದ ಪುನರಾವರ್ತನೆಯೂ ಇಲ್ಲ. ಇವನ್ನು ಬಾಯಿಪಾಠ ಮಾಡುವುದು ಸ್ಪರ್ಧೆಯಾಗಿ ಬೆಳೆದುದಕ್ಕೆ ಇದೇ ಕಾರಣ.

ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್ ಎಂಬವರು ೧೯೮೧ನೆಯ ಜುಲೈ ೫ರಂದು ಅದೇ ಊರಿನಲ್ಲಿ ೩೧,೮೧೧ ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ವಿರಾಮವೂ ಸೇರಿ ಹಿಡಿದ ಕಾಲ ೩ ಗಂಟೆ ೪೯ ನಿಮಿಷ. ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರು ಸೇರಿತು. ೧೯೮೭ರಲ್ಲಿ ಜಪಾನಿನ ತೊಮೊಯೋರಿ ೪೦,೦೦೦ ಅಂಕಿಗಳನ್ನು ಹೇಳಿ ಅದನ್ನು ಮೀರಿಸಿದರು. ೨೦೧೫ನೆಯ ಮಾರ್ಚ್ ೨೧ರಂದು ವೆಲ್ಲೂರಿನಲ್ಲಿ ರಾಜವೀರ ಮೀನಾ ಎಂಬ ತರುಣರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹತ್ತು ಗಂಟೆಗಳ ಹೊತ್ತು ೭೦,೦೦೦ ಅಂಕಿಗಳನ್ನು ಹೇಳಿದರು.

ಇಂತಹವರ ಜ್ಞಾಪಕವು ಹುಟ್ಟುವರವೆಂದು ಜನರು ನಂಬುವರು. ಆದರೆ ಅಮೆರಿಕೆಯ ಮನಶ್ಶಾಸ್ತ್ರಜ್ಞರು ರಾಜನ್ ಅವರನ್ನು ಬಹುಕಾಲ ಪರೀಕ್ಷಿಸಿದರು. ಅಂಕಿಗಳಲ್ಲಿ ಅವರು ಅಸಾಧಾರಣರು. ಅಂಕಿಗಳ ಬದಲು ಅಪರಿಚಿತ ಚಿಹ್ನೆಗಳನ್ನು ತೋರಿಸಿದಾಗ, ಮೊದಮೊದಲು ಅವರ ನೆನಪಿನಲ್ಲಿ ನಿಂತವು ಸಾಮಾನ್ಯರಂತೆ ಆರರಷ್ಟೇ! ಅಂಕಿಗಳೊಡನೆ ಬೆಳೆಸಿದ ಬಳಕೆಯಲ್ಲಿ ಅವರ ಶಕ್ತಿಯ ಬಹುಭಾಗವಿತ್ತೆಂಬುದು ಇದರಿಂದ ತಿಳಿಯತಕ್ಕದ್ದು.

“ನಮ್ಮ ಹುಡುಗಿಗೆ ಜ್ಞಾಪಕವೇ ಇಲ್ಲ, ಓದು ಬಿಡಿಸುವುದೇ ಲೇಸು” ಎನ್ನುವ ತಂದೆತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ಹುಡುಗಿಯೇ ಮದುವೆಮನೆಯಲ್ಲಿ ಸೋಬಾನೆ ಪದಗಳನ್ನು ಒಂದು ಸೊಲ್ಲೂ ಬಿಡದೆ ಹಾಡುವಳು; ಚೌಕಾಬಾರದಲ್ಲಿ ಕವಡೆಯ ಲೆಕ್ಕ ತಪ್ಪಳು. ಅವಳಿಗೆ ಬೇಕಾದುದು ಕ್ರಮವಾದ ಅಭ್ಯಾಸ ಮಾತ್ರ.

ಮನೆಯಲ್ಲಿ ಹೀಗೆ ಮಾಡಿ ನೋಡಬಹುದು. ಇಪ್ಪತ್ತು ದಶಮಾಂಶಗಳನ್ನು ಐದೈದಾಗಿ ಬಿಡಿಸಿ ಬರೆಯಿರಿ: ೩.೧೪೧೫೯ ೨೬೫೩೫ ೮೯೭೯೩ ೨೩೮೪೬. ದಿನಕ್ಕೊಂದೇ ಗುಂಪನ್ನು ಲಯವಾಗಿ ಹೇಳಿಸಿ. ಮರುದಿನ ಹಳೆಯದನ್ನು ನೋಡದೆ ಬರೆಸಿದ ಮೇಲೆಯೇ ಹೊಸದನ್ನು ಕೊಡಿರಿ. ತಪ್ಪಿದರೆ ಗದರಿಸದೆ, ತಪ್ಪಿದ ಗುಂಪನ್ನಷ್ಟೇ ಮತ್ತೆ ಹೇಳಿಸಿ. ನಾಲ್ಕು ದಿನಗಳಲ್ಲಿ ಇಪ್ಪತ್ತೂ ಕೈವಶವಾಗುವುವು.

ಇಷ್ಟರಿಂದ ಗಣಿತ ಬಂದಿತೆಂದು ಭಾವಿಸಲಾಗದು. ಬಾವಿಯ ಸುತ್ತಳತೆ ಕಟ್ಟಲು ೩.೧೪ ಸಾಕು, ಅದನ್ನು ಯಾವುದರಿಂದ ಗುಣಿಸಬೇಕೆಂಬುದು ತಿಳಿಯದವಳಿಗೆ ಸಾವಿರ ಅಂಕಿಗಳೂ ವ್ಯರ್ಥವೇ ಸರಿ. ಆದರೆ ತನ್ನಿಂದಾಗದೆಂದು ನಂಬಿದ್ದ ಬಾಲಿಕೆಯು ನಾಲ್ಕನೆಯ ದಿನ ಇಪ್ಪತ್ತು ಅಂಕಿಗಳನ್ನು ನಿರರ್ಗಳವಾಗಿ ಒಪ್ಪಿಸಿದಳೆಂದರೆ, ಐದನೆಯ ದಿನ ಅವಳು ಪಾಠಪುಸ್ತಕವನ್ನು ತೆರೆಯುವ ಧೈರ್ಯವೇ ಬೇರೆ.