ಆಟಿಸಂ ಇರುವ ವಿದ್ಯಾರ್ಥಿಯ ಎರಡನೇ ಭಾಷೆ: ವಿನಾಯಿತಿಯೂ ಹಕ್ಕು, ಕಲಿಕೆಯೂ ಹಕ್ಕು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಮಾರ್ಪಾಡು ಮಾಡಬೇಕೆಂದು ಕಾಯ್ದೆಯ 17ನೇ ಕಲಂ ಸರ್ಕಾರಕ್ಕೆ ವಿಧಿಸುತ್ತದೆ. ಉದಾಹರಣೆಯಾಗಿ ಅದು ಹೆಸರಿಸುವುದು ಮೂರನ್ನು: ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ.

ವಿನಾಯಿತಿ ಇರುವುದು ಬೇಕೆಂದವರಿಗೆ. ಭಾಷೆ ಕಲಿಯುವ ಆಸೆಯಿರುವ ವಿದ್ಯಾರ್ಥಿಗೆ "ನಿನಗೆ ಇದು ಬೇಡ, ವಿನಾಯಿತಿ ತೆಗೆದುಕೋ" ಎಂದು ತರಗತಿಯಿಂದ ಹೊರಗಿಡುವುದು 3ನೇ ಕಲಂ ನಿಷೇಧಿಸುವ ತಾರತಮ್ಯಕ್ಕೆ ದಾರಿ ಮಾಡುತ್ತದೆ. ಆಟಿಸಂ ಇರುವ ಎಷ್ಟೋ ಮಂದಿಗೆ ವ್ಯಾಕರಣದ ನಿಯಮಗಳು, ಪದಗಳ ಮೂಲ ಬಲು ಇಷ್ಟದ ವಿಷಯ. ಅವರಿಗೆ ತೊಡಕಾಗುವುದು ಬೇರೆ ಕಡೆ. ಹೊಸದಾಗಿ ಕನ್ನಡ ಕಲಿಯುವ ವಿದ್ಯಾರ್ಥಿ "ಬಸ್ಸು ಕೈಕೊಟ್ಟಿತು" ಎಂಬುದನ್ನು ಓದಿ, ಬಸ್ಸಿಗೆ ಕೈ ಎಲ್ಲಿಂದ ಬಂತು ಎಂದು ಅಲ್ಲೇ ನಿಂತುಬಿಡಬಹುದು. ನುಡಿಗಟ್ಟಿನ ಅರ್ಥವನ್ನು ಬಿಡಿಸಿ ಬರೆದುಕೊಟ್ಟರೆ ಪಾಠ ಮುಂದೆ ಸಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲವೆಂದು ಅಂಕ ಕಳೆಯದಿರುವುದು, ಗದ್ದಲವಿಲ್ಲದ ಕೊಠಡಿ ಕೊಡುವುದು, ಗುಂಪು ಸಂಭಾಷಣೆಯ ಬದಲು ಅಧ್ಯಾಪಕರೊಬ್ಬರೊಡನೆ ಮಾತುಕತೆ ಏರ್ಪಡಿಸುವುದು, ಇವೆಲ್ಲ ಕೇಳಬಹುದಾದ ಮಾರ್ಪಾಡುಗಳು. ಸಂಸ್ಥೆಗೆ ಅತಿಯಾದ ಹೊರೆಯಾಗದಂಥ ಇಂತಹ ಬದಲಾವಣೆಯನ್ನೇ ಕಾನೂನು "ಸೂಕ್ತ ಹೊಂದಾಣಿಕೆ" ಎನ್ನುತ್ತದೆ. ಅದನ್ನು ಒದಗಿಸಬೇಕೆನ್ನುವ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುತ್ತದೆ.

ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇದ್ದರೆ ಏನೂ ಸಿಗದೆಂಬ ತಿಳಿವಳಿಕೆ ತಪ್ಪು. ಆ ಮಿತಿ ಉನ್ನತ ಶಿಕ್ಷಣದ ಶೇ. 5 ಮೀಸಲಾತಿಯಂಥ ಸೌಲಭ್ಯಗಳಿಗೆ. ಸೂಕ್ತ ಹೊಂದಾಣಿಕೆಯನ್ನು ಆ ಮಿತಿ ಮುಟ್ಟಿದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪು ನೀಡಿದೆ. ಹೆಚ್ಚುವರಿ ಸಮಯವನ್ನು ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷವೆಂದು ಗೊತ್ತುಮಾಡಿತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ಮಾರ್ಪಾಡು ಕೋರುವ ಅರ್ಜಿಯನ್ನು ಸೆಮಿಸ್ಟರ್ ಆರಂಭದಲ್ಲೇ ಕೊಡುವುದು ಲೇಸು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕಾಲ ಮೀರಿರುತ್ತದೆ. ಪ್ರಾಂಶುಪಾಲರಿಗೆ ಒಂದು, ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಅಂಗವೈಕಲ್ಯ ಪ್ರಮಾಣಪತ್ರ ಅಥವಾ ವಿಶಿಷ್ಟ ಅಂಗವೈಕಲ್ಯ ಗುರುತಿನ (ಯುಡಿಐಡಿ) ಕಾರ್ಡಿನ ನಕಲು ಲಗತ್ತಿಸಿ, ಬೇಕಾದ ಮಾರ್ಪಾಡುಗಳನ್ನು ಒಂದೊಂದಾಗಿ ಬರೆಯಬೇಕು. "ಸೂಕ್ತ ನೆರವು ಕೊಡಿ" ಎಂದಷ್ಟೇ ಬರೆದರೆ ಸಾಲದು. ಆಟಿಸಂ ಇದೆ ಎಂಬ ಕಾರಣಕ್ಕೇ ಪೋಷಕರ ಸಹಿ ಕಡ್ಡಾಯವಾಗುವುದಿಲ್ಲ. 18 ತುಂಬಿದ ವಿದ್ಯಾರ್ಥಿ ತಾನೇ ಸಹಿ ಹಾಕಬಹುದು.

ಉತ್ತರ ಬಾರದಿದ್ದರೆ ಅಥವಾ ಅರ್ಜಿ ತಿರಸ್ಕೃತವಾದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಕೇಂದ್ರೀಯ ವಿಶ್ವವಿದ್ಯಾಲಯವಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಇವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆಯುಕ್ತರು ಶಿಫಾರಸು ಮಾಡಿದ ಮೇಲೆ ಸಂಬಂಧಪಟ್ಟ ಪ್ರಾಧಿಕಾರ ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಅದೇ ಅವಧಿಯಲ್ಲಿ ಕಾರಣ ಕೊಡಬೇಕು, ದೂರುದಾರರಿಗೂ ತಿಳಿಸಬೇಕು.