ಚಾಪ್ಸ್ ಬೇಕೋ, ಕೈಮಾ ಬೇಕೋ

ಕೆಲಸ ಸಿಕ್ಕಿ ಮೈಸೂರಿಗೆ ಬಂದು ಕುವೆಂಪುನಗರದಲ್ಲಿ ರೂಮು ಮಾಡಿದ್ದೀಯ, ಅಡುಗೆ ನಾನೇ ಮಾಡ್ಕೋತೀನಿ ಅಂತೀಯ. ಸಂತೋಷ ಕಣಪ್ಪ. ಮೊಬೈಲಿನಲ್ಲಿ ಇಂಗ್ಲಿಷ್ ರೆಸಿಪಿ ನೋಡಿ ಕಲೀತೀನಿ ಅಂದೆಯಲ್ಲ, ಅದಕ್ಕೇ ಈ ಮಾತು. ಅಲ್ಲಿ ಚಾಪ್ ಅಂತಲೂ ಬರುತ್ತೆ, ಮಿನ್ಸ್ ಅಂತಲೂ ಬರುತ್ತೆ. ಎರಡೂ ಕತ್ತರಿಸೋದೇ ತಾನೆ ಅಂತ ಒಂದೇ ಸಮ ಚಾಕು ಆಡಿಸಬೇಡ.

ಚಾಪ್ ಅಂದರೆ ಪೆಟ್ಟು ಹಾಕಿ ತುಂಡು ಮಾಡೋದು. ತುಂಡು ಒಂದಿಷ್ಟು ದಪ್ಪ ಇದ್ದರೂ ನಡೆಯುತ್ತೆ. ಮಿನ್ಸ್ ಅಂದರೆ ತೀರಾ ಸಣ್ಣಗೆ, ತುಂಡಿನ ಗುರುತೇ ಉಳಿಯದಷ್ಟು. ಬೆಳ್ಳುಳ್ಳಿಯಲ್ಲೇ ನೋಡು: ಇಡೀ ಎಸಳಿಗೆ ಅಂಥ ಘಾಟಿಲ್ಲ. ಕೊಯ್ದಾಗ ಅದರ ಕೋಶಗಳು ಒಡೆದು, ಒಳಗೆ ಬೇರೆ ಬೇರೆ ಇದ್ದ ವಸ್ತುಗಳು ಕೂಡಿ ಆ ಖಾರ ಹುಟ್ಟುತ್ತೆ. ಸಣ್ಣಗೆ ಕೊಚ್ಚಿದಷ್ಟೂ ಘಾಟು ಜಾಸ್ತಿ. ಚಾಪ್ ಅಂದಲ್ಲಿ ಮಿನ್ಸ್ ಮಾಡಿದರೆ ಪಲ್ಯವೆಲ್ಲ ಬೆಳ್ಳುಳ್ಳಿಯೇ.

ಮಾಂಸದಂಗಡಿಗೆ ಹೋದರೆ ಇದೇ ಎರಡು ಮಾತು ಬೇರೆ ವೇಷದಲ್ಲಿ ನಿಂತಿರುತ್ತವೆ. ನಮ್ಮೂರಲ್ಲಿ ಚಾಪ್ಸ್ ಅಂದರೆ ಪಕ್ಕೆಲುಬಿನ ತುಂಡು, ಮೂಳೆ ಸಮೇತ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನಲ್ಲಿ ಪಲಾವಿನ ಜೊತೆ ತಿಂದಿದ್ದೀಯಲ್ಲ, ಅದೇ. ಮಿನ್ಸ್ ಬೇಕಾದರೆ ಕೈಮಾ ಅಂತ ಕೇಳಬೇಕು. ಉತ್ತರದವರು ಅದನ್ನೇ ಕೀಮಾ ಅಂತಾರೆ, ತುರ್ಕಿಯವರು ಕಿಯ್ಮಾ ಅಂತಾರೆ; ನಾವು ನಾಲಿಗೆಗೆ ಒಗ್ಗೋ ಹಾಗೆ ತಿರುವಿಕೊಂಡ್ವಿ. ಬನ್ನೂರು ಕುರಿ ಸಿಕ್ಕಿದರೆ ಬಿಡಬೇಡ, ಮಾಂಸಕ್ಕೆ ಹೆಸರಾದ ತಳಿ ಅದು.

ಚಾಪ್ಸಿಗೆ ಆತುರ ಆಗೋದಿಲ್ಲ. ಮೂಳೆ ಸುತ್ತಲಿನ ನಾರು ಕರಗಿ ಗಸಿಗೆ ಇಳಿಯೋವರೆಗೂ ನಿಧಾನವಾಗಿ ಬೇಯಬೇಕು. ಕೈಮಾ ಹಾಗಲ್ಲ, ಬೇಗ ಬೇಯುತ್ತೆ, ಬೇಗ ಕೆಡುತ್ತೆ ಕೂಡ. ಕೊಚ್ಚಿದ ಮಾಂಸಕ್ಕೆ ಗಾಳಿ, ಕೈ, ಕತ್ತಿ ಎಲ್ಲ ತಾಕಿರುತ್ತಲ್ಲ, ತಂದ ದಿನವೇ ಮಾಡಿ ಮುಗಿಸು.

ಕೈಮಾ ಉಂಡೆ ಸಾರು ಮಾಡಬೇಕು ಅಂತ ಆಸೆ ಇದ್ದರೆ ಇಷ್ಟು ಕೇಳು. ಕೈಮಾ ತೊಳೆದ ಮೇಲೆ ನೀರನ್ನ ಚೆನ್ನಾಗಿ ಹಿಂಡಬೇಕು, ಹಸಿ ನೀರು ಉಳಿದರೆ ಉಂಡೆ ನಿಲ್ಲೋದಿಲ್ಲ. ಹಿಡಿತಕ್ಕೆ ಹುರಿಗಡಲೆ ಪುಡಿ. ಜಾಸ್ತಿ ಹಾಕಿದರೆ ಉಂಡೆ ಗಟ್ಟಿಯಾಗಿ ಕಲ್ಲಾಗುತ್ತೆ. ಉಂಡೆಗೆ ಹಾಕೋ ಈರುಳ್ಳಿ, ಕೊತ್ತಂಬರಿಯೂ ಮಿನ್ಸೇ ಆಗಿರಬೇಕು, ದಪ್ಪ ತುಂಡು ಸೇರಿಸಿದರೆ ಅಲ್ಲಿಂದಲೇ ಬಿರುಕು ಬಿಡುತ್ತೆ. ಸಾರು ಕೊತ ಕೊತ ಕುದಿಯುವಾಗ ಒಂದೊಂದಾಗಿ ಬಿಡು, ಆಮೇಲೆ 10 ನಿಮಿಷ ಸೌಟು ಮುಟ್ಟಬೇಡ. ಪಾತ್ರೆಯನ್ನೇ ಹಿಡಿದು ಅಲ್ಲಾಡಿಸು, ಸಾಕು.

ಅಂಗಡಿಯವನ ಹತ್ತಿರ ನಾಚಿಕೆ ಬೇಡ. ಯಾವ ಕಡೆಯ ಮಾಂಸ, ಎಷ್ಟು ಸಣ್ಣಗೆ, ಕೊಬ್ಬು ಎಷ್ಟಿರಲಿ, ಎಲ್ಲ ಮೊದಲೇ ಹೇಳು, ಕತ್ತಿ ಎತ್ತಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ಭಾನುವಾರ ಮಾತ್ರ ಬೆಳಿಗ್ಗೆ ಬೇಗ ಎದ್ದು ಹೋಗು, ತಡವಾದರೆ ಒಳ್ಳೆ ಪಕ್ಕೆ ಸಿಗೋದಿಲ್ಲ.